ಗುಂಡುಸೂಜಿ ಚುಚ್ಚಿದ ಪುಸ್ತಕ

ನಮ್ಮ ಹಾಸ್ಟೆಲಿನ ಕೊಠಡಿಗೆ ಆ ಪುಸ್ತಕ ಬಂದಾಗ ಅದರ ಕೊನೆಯ ಐದು ಅಧ್ಯಾಯಗಳ ಹಾಳೆಗಳಿಗೆಲ್ಲ ಒಟ್ಟಾಗಿ ಮೂಲೆಯಲ್ಲಿ ಒಂದು ಗುಂಡುಸೂಜಿ ಚುಚ್ಚಿತ್ತು. ಚುಚ್ಚಿದವರು ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸರ್. “ಇಪ್ಪತ್ತೆರಡನೇ ಅಧ್ಯಾಯ ಮುಗಿದ ಮೇಲೆ ಕೊಲೆಗಾರ ಯಾರೆಂದು ಚೀಟಿಯಲ್ಲಿ ಬರೆದಿಟ್ಟು ಆಮೇಲೆ ಸೂಜಿ ತೆಗೆಯಿರಿ. ಓದಿದ ನಂತರ ಮತ್ತೆ ಚುಚ್ಚಿ ಮುಂದಿನವನಿಗೆ ಕೊಡಿ” ಎಂದಿದ್ದರು. ಅಗಾಥಾ ಕ್ರಿಸ್ಟಿ 1926ರಲ್ಲಿ ಪ್ರಕಟಿಸಿದ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಅದು.

ನಾವು ಆರು ಜನ. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗಿಟ್ಟು ಓದಿ ಬೆಳೆದಿದ್ದೆವು. ಇಂಗ್ಲಿಷಿನ ಕಾದಂಬರಿಯೊಂದನ್ನು ಪೂರ್ತಿ ಓದುವುದು ಮಾತ್ರ ನಮ್ಮಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಒಬ್ಬೊಬ್ಬರಿಗೆ ನಾಲ್ಕು ದಿನ ಎಂದು ಸರದಿ ಮಾಡಿಕೊಂಡೆವು. ನಿಘಂಟು ಇದ್ದದ್ದು ಒಂದೇ. ಅದೂ ಪುಸ್ತಕದ ಜೊತೆಯಲ್ಲೇ ಮಂಚದಿಂದ ಮಂಚಕ್ಕೆ ಹೋಗುತ್ತಿತ್ತು.

ಮೂರನೇ ಅಧ್ಯಾಯದಲ್ಲೇ ಮೊದಲ ಚರ್ಚೆ ಹುಟ್ಟಿತು. ನಿವೃತ್ತನಾಗಿ ಹಳ್ಳಿಗೆ ಬಂದ ಪತ್ತೇದಾರ ಪ್ವಾರೋ ಹಿತ್ತಲಿನಲ್ಲಿ ‘ಮ್ಯಾರೋ’ ಎಂಬ ಕಾಯಿ ಬೆಳೆಯುತ್ತಾನೆ. ಸಿಟ್ಟು ಬಂದಾಗ ಒಂದನ್ನು ಎತ್ತಿ ಗೋಡೆಯಾಚೆ ಎಸೆಯುತ್ತಾನೆ, ಅದು ಪಕ್ಕದ ಮನೆಯ ಡಾಕ್ಟರ್ ಶೆಪರ್ಡ್ ಅವರ ಹತ್ತಿರ ಹೋಗಿ ಬೀಳುತ್ತದೆ. ಏನು ಕಾಯಿ ಅದು? ಶಿರಸಿಯ ಗೆಳೆಯ ಮಗೆಕಾಯಿ ಎಂದ. ಬಿಜಾಪುರದವನು ಕುಂಬಳ ಎಂದ. ಡಾಕ್ಟರರ ಅಕ್ಕ ಕ್ಯಾರೊಲಿನ್ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಹೊಸ್ತಿಲು ದಾಟದೆ ಊರಿನ ಸುದ್ದಿಯನ್ನೆಲ್ಲ ಕೂಡಿಹಾಕುವ ಅಂಥ ಹೆಂಗಸು ನಮ್ಮ ಪ್ರತಿಯೊಬ್ಬರ ಓಣಿಯಲ್ಲೂ ಇದ್ದಳು. ಇಂಗ್ಲೆಂಡಿನ ಆ ಹಳ್ಳಿ ನಮಗೆ ಹತ್ತಿರವಾದದ್ದು ಅವಳಿಂದಲೇ.

ಚೀಟಿಗಳು ಅವಲಕ್ಕಿಯ ಹಳೆಯ ಡಬ್ಬಿಯೊಂದರಲ್ಲಿ ಸೇರುತ್ತಿದ್ದವು. ಓದಿ ಮುಗಿಸಿದವನು ಬಾಯಿ ಬಿಡುವಂತಿರಲಿಲ್ಲ. ನನ್ನ ಸರದಿ ಮೂರನೆಯದು. ನನಗಿಂತ ಮೊದಲು ಓದಿದ ಇಬ್ಬರೂ ನಾನು ಪುಟ ತಿರುಗಿಸುವಾಗಲೆಲ್ಲ ನನ್ನ ಮುಖವನ್ನೇ ನೋಡುತ್ತಾ ಕೂತಿರುತ್ತಿದ್ದರು. ಸೂಜಿ ತೆಗೆದ ರಾತ್ರಿ ನಿದ್ದೆ ಬರಲಿಲ್ಲ. ಮೋಸ ಹೋದೆನೆಂಬ ಸಂಕಟವೊಂದು ಕಡೆ. ಎದ್ದು ಮತ್ತೆ ಮೊದಲ ಪುಟದಿಂದ ಓದಬೇಕೆಂಬ ತವಕ ಇನ್ನೊಂದು ಕಡೆ.

ಕೊಲೆಗಾರನ ಹೆಸರನ್ನು ಇಲ್ಲಿಯೂ ಬರೆಯಲಾರೆ. ಆಗ ಕೊಟ್ಟ ಮಾತು ಈಗಲೂ ಮಾತೇ.

ಆರನೆಯವನು ಮುಗಿಸಿದ ಭಾನುವಾರ ಮಹಡಿಯ ಮೇಲೆ ಕೂತು ಡಬ್ಬಿ ತೆರೆದೆವು. ನಾಲ್ಕು ಚೀಟಿಗಳಲ್ಲಿ ಆಕ್ರಾಯ್ಡ್‌ನ ಕಾಣೆಯಾಗಿದ್ದ ಮಲಮಗ ರಾಲ್ಫ್‌ನ ಹೆಸರು. ಒಂದರಲ್ಲಿ ಮೇಜರ್ ಬ್ಲಂಟ್. ನನ್ನದರಲ್ಲಿ ಬಟ್ಲರ್ ಪಾರ್ಕರ್. ಒಬ್ಬರದೂ ಸರಿಯಿರಲಿಲ್ಲ.

“ಇದು ಅನ್ಯಾಯ” ಎಂದು ಬಿಜಾಪುರದವನು ಎದ್ದು ನಿಂತ. ಪುರುಷೋತ್ತಮನ ಕಥೆಯಲ್ಲಿ ಓದುಗನಿಗೆ ಹೀಗೆ ಎಂದೂ ಆಗಿರಲಿಲ್ಲ, ಬರೆಯುವವರು ನಮ್ಮ ನಂಬಿಕೆಯನ್ನೇ ಬಳಸಿಕೊಂಡು ನಮ್ಮನ್ನು ವಂಚಿಸಬಾರದು ಎಂಬುದು ಅವನ ವಾದ. ನಾನೂ ಅವನ ಪಕ್ಷ ಹಿಡಿದೆ. ಶಿರಸಿಯವನು ಮಾತಾಡಲಿಲ್ಲ. ನಾಲ್ಕನೇ ಅಧ್ಯಾಯ ತೆಗೆದು ಎರಡು ವಾಕ್ಯಗಳ ಕೆಳಗೆ ಉಗುರಿನಿಂದ ಗೀರಿ ತೋರಿಸಿದ. ಮೊದಲನೆಯದರಲ್ಲಿ ಗಂಟೆ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಬಾಕಿ. ಅದರ ಬೆನ್ನಿಗೇ ಬರುವ ವಾಕ್ಯದಲ್ಲಿ ಒಂಬತ್ತಕ್ಕೆ ಹತ್ತೇ ನಿಮಿಷ ಬಾಕಿ. “ನಡುವಿನ ಹತ್ತು ನಿಮಿಷ ಎಲ್ಲಿ ಹೋಯಿತೆಂದು ನಾವು ಆರು ಜನರಲ್ಲಿ ಯಾರು ಕೇಳಿದೆವು? ಅವರು ಸುಳ್ಳು ಬರೆದಿಲ್ಲ. ನಾವು ನಿಲ್ಲದೆ ಓದಿಕೊಂಡು ಹೋದೆವು.”

ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಆ ಎರಡು ಸಾಲುಗಳನ್ನು ಎಲ್ಲರೂ ಮತ್ತೆ ಓದಿದೆವು. ಪದವಿಯ ಮೂರು ವರ್ಷಗಳಲ್ಲಿ ನಾನು ಓದುವುದನ್ನು ಕಲಿತದ್ದು ಯಾವಾಗ ಎಂದು ಕೇಳಿದರೆ ಆ ಗಳಿಗೆಯನ್ನೇ ಹೇಳುತ್ತೇನೆ.

ಸೋಮವಾರ ಚೀಟಿಗಳ ಸಮೇತ ಪುಸ್ತಕ ಒಪ್ಪಿಸಿದಾಗ ಸರ್ ನಮ್ಮ ಜಗಳವನ್ನು ಕೂತು ಕೇಳಿದರು. ಈ ಪುಸ್ತಕ ಬಂದ ಕಾಲದಲ್ಲಿ ಇಂಗ್ಲೆಂಡಿನ ಓದುಗರೂ ಹೀಗೆಯೇ ಕಿತ್ತಾಡಿದ್ದರೆಂದೂ, ಎಲ್ಲರನ್ನೂ ಶಂಕಿಸುವುದು ಓದುಗರ ಕೆಲಸ ಎಂದು ಲೇಖಕಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತಿದ್ದರೆಂದೂ ಹೇಳಿದರು. ತಾವು ಯಾವ ಪಕ್ಷ ಎಂಬುದನ್ನು ಹೇಳಲಿಲ್ಲ. ಪುಸ್ತಕದ ಮೂಲೆಯನ್ನು ಬೆಳಕಿಗೆ ಹಿಡಿದರು. ಆರು ಜನ ಚುಚ್ಚಿ ತೆಗೆದ ರಂಧ್ರಗಳು ಸಾಲಾಗಿ ಕಂಡವು. ಅವುಗಳ ಪಕ್ಕದಲ್ಲಿ ಸೂಜಿಯನ್ನು ಮತ್ತೆ ಚುಚ್ಚಿ ಪುಸ್ತಕವನ್ನು ಕಪಾಟಿನಲ್ಲಿಟ್ಟರು, ಮುಂದಿನ ವರ್ಷದ ಹುಡುಗರಿಗೆ.

ನಾನು ವರ್ಷಗಳ ಹಿಂದೆಯೇ ಪಕ್ಷ ಬದಲಿಸಿದ್ದೇನೆ. ಬಿಜಾಪುರದ ಗೆಳೆಯ ಈಚೆಗೆ ಮಗಳ ಪ್ರತಿಯಲ್ಲಿ ಅದನ್ನು ಮತ್ತೊಮ್ಮೆ ಓದಿ ಫೋನ್ ಮಾಡಿದ್ದ. ನಾಲ್ಕನೇ ಅಧ್ಯಾಯದಲ್ಲಿ ಅರ್ಧ ಗಂಟೆ ನಿಂತನಂತೆ. “ಮೋಸವೇ ಕಣೋ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಆದರೆ ಹೊಲಿಗೆ ಎಲ್ಲೂ ಬಿಟ್ಟಿಲ್ಲ” ಎಂದ.