ಮಂಚದ ತೆಲಿ ಕಡಿ ಹಲಗಿ

ಮಂಚ ಮಾಡಸಾಕ ಹೋದವ್ರು ಕಟಗಿ ಯಾವುದು, ಕೆಳಗ ಬಾಕ್ಸ್ ಐತೇನು, ಹೈಡ್ರಾಲಿಕ್ ಹಾಕತೀರೇನು ಅಂತ ನೂರಾ ಎಂಟು ಕೇಳತಾರ, ಹೆಡ್‌ಬೋರ್ಡ್ ಬಂತಂದ್ರ ಡಿಸೈನ್ ಚಂದ ಐತಿ ಅಂತ ನೋಡಿ ಮುಗಸತಾರ. ನನಗ ಇದು ಸರಿ ಅನಸೂದಿಲ್ಲ ನೋಡ್ರಿ. ಇಡೀ ಮಂಚದಾಗ ಬೆನ್ನಿಗೆ ಆಸರ ಆಗೂದು ಅದೊಂದ.

ನಮ್ಮ ಅವ್ವಗ ಉಬ್ಬಸ ಐತಿ. ಬೆಳಗಾವಿ ಮಳಿ ಗೊತ್ತಲ್ಲ, ಜೂನ್‌ದಾಗ ಹಿಡದ್ರ ಸೆಪ್ಟೆಂಬರ್ ತನಕ ಬಿಡೂದಿಲ್ಲ, ಆ ದಿನದಾಗ ಅಡ್ಡ ಆದ್ರ ದಮ್ಮು ಹತ್ತತೈತಿ ಅಂತ ನಡುರಾತ್ರ್ಯಾಗ ಎದ್ದು ಕುಂಡ್ರತಾಳ. ಗ್ವಾಡಿಗೆ ಒರಗಬೇಕಂದ್ರ ಅದು ಹಸಿ, ಥಂಡಿ ನೇರ ಬೆನ್ನಿಗೆ ಹೊಡಿತೈತಿ. ಎರಡು ತೆಲಿದಿಂಬು ನಡಕ್ಕ ಕೊಟ್ಟು, ಹಲಗಿಗೆ ಒರಗಿ, ಕೌದಿ ಎದಿ ತನಕ ಎಳಕೊಂಡು, ಇನ್ಹೇಲರ್ ತಗೊಂಡು ಸ್ವಲ್ಪ ಹೊತ್ತಿನಾಗ ಹಂಗ ಕುಂತಲ್ಲೇ ಕಣ್ಣು ಮುಚ್ಚತಾಳ. ಆ ಹಲಗಿ ಸಾಗವಾನಿದು, ಸಾದಾ, ಮ್ಯಾಲಿನ ಅಂಚು ಅಕಿ ಕೈ ಆಡಿ ಆಡಿ ನುಣ್ಣಗಾಗೇತಿ.

ಅದಕ್ಕ ಹೇಳತೀನಿ, ಬಳ್ಳಿ ಹೂವು ಕೆತ್ತಿದ್ದು ತಗೋಬ್ಯಾಡ್ರಿ, ಬೆನ್ನಿಗೆ ಚುಚ್ಚತೈತಿ. ಗಾದಿ ಹಾಕಿದ ಮ್ಯಾಲೆ ಎರಡು ಫೂಟರ ಎತ್ತರ ಉಳದ್ರ ಹೆಗಲಿಗೂ ಆಸರ, ಸ್ವಲ್ಪ ಹಿಂದಕ್ಕ ವಾಲಿದ್ರ ಇನ್ನೂ ಚಲೋ, ಬಡಿಗ್ಯಾರಿಗೆ ಹೇಳಿದ್ರ ಮಾಡಿಕೊಡತಾರ. ಫೋಮ್ ಹಾಕಿ ರೆಕ್ಸಿನ್ ಹೊಡದಿದ್ದು ಶೋರೂಮ್‌ದಾಗ ಮೆತ್ತಗ ಅನಸತೈತಿ ಖರೆ, ನಮ್ಮ ಮಳಿಗಾಲಕ್ಕ ಮಾತ್ರ ಬ್ಯಾಡ, ಹಸಿ ಗ್ವಾಡಿಗೆ ಹತ್ತಿದ್ರ ಹಿಂದ ಬೂಸರು ಹಿಡಿತೈತಿ, ಉಬ್ಬಸದವ್ರಿಗೆ ಬೂಸರು ಅಂದ್ರ ವಿಷ ಇದ್ದಂಗ. ಯಾವ ಹಲಗಿ ಇದ್ರೂ ಗ್ವಾಡಿಯಿಂದ ಎರಡು ಮೂರು ಇಂಚು ಬಿಟ್ಟು ಇಡ್ರಿ, ಗಾಳಿ ಆಡಲಿ.

ವಿಜಯಪುರ ಕಡೆ ಬ್ಯಾಸಗಿಯೊಳಗ ಹೊರಸು ಅಂಗಳಕ್ಕ ತಂದು ಹಾಕತಾರಲ್ಲ, ಅದಕ್ಕ ಒರಗಾಕ ಹಲಗಿ ಇಲ್ಲ, ಆದ್ರ ತೆಲಿ ಕಡಿ ಯಾವುದು ಅಂತ ನೋಡಿದ ಕೂಡ್ಲೇ ತಿಳಿತೈತಿ, ಹಗ್ಗ ಜಗ್ಗಿ ಬಿಗಿ ಮಾಡೂ ಭಾಗ ಕಾಲ ಕಡಿಗೆ ಇರತೈತಿ, ನೇಯ್ಗಿ ಒತ್ತಾಗಿದ್ದ ಕಡಿ ತೆಲಿ. ಉತ್ತರಕ್ಕ ತೆಲಿ ಹಾಕಬಾರದು ಅಂತ ಹೊರಸು ತಿರಗಿಸಿದ್ರ ಆತು, ದೊಡ್ಡ ಮಂಚಕ್ಕ ಹಂಗ ಆಗೂದಿಲ್ಲ, ಮೊದಲ ರೂಮ್ ನೋಡಿ ಹಲಗಿ ಯಾವ ಗ್ವಾಡಿಗೆ ಬರತೈತಿ ಅಂತ ಗುರ್ತ ಮಾಡಕೋರಿ.

ಇನ್ನೊಂದು, ತಗಣಿ ಈ ಹಲಗಿ ಸಂದ್ಯಾಗೂ ಅಡಗತಾವ. ವರ್ಷಕ್ಕ ಒಂದೆರಡು ಸಲ ಬೋಲ್ಟ್ ಬಿಚ್ಚಿ, ಸಂದು ಒರಸಿ, ಬಿಸಲಿಗೆ ಇಟ್ಟು ಮತ್ತ ಬಿಗಿ ಮಾಡ್ರಿ.