ಬೋಲ್ಟು ಬಿಗಿದ ಮೇಲಿನ ಅಳತೆ

ಹೆಚ್ಚು ಶಕ್ತಿಯ ಎಂಜಿನ್ ಕಟ್ಟಿಸುವವರು ನಮ್ಮ ಅಂಗಡಿಗೆ ಬರುವಾಗ ಮಾತೆಲ್ಲ ಟರ್ಬೊ, ಪಿಸ್ಟನ್, ಇಂಜೆಕ್ಟರ್‌ಗಳ ಮೇಲೆಯೇ ಇರುತ್ತದೆ. ತಪ್ಪೇನಲ್ಲ. ಆದರೆ ಅವೆಲ್ಲ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುವ ವಸ್ತುಗಳು, ದುಡ್ಡಿದ್ದರೆ ಸಾಕು. ಪೆಟ್ಟಿಗೆಯಲ್ಲಿ ಬಾರದಿರುವುದು ಇಪ್ಪತ್ತೈದು ಮೂವತ್ತು ವರ್ಷ ದುಡಿದ ಎರಕದ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ಒಡಲು. ಅದನ್ನು ತೊಳೆದು, ಬಿರುಕು ಹುಡುಕಿ, ಬೋರ್ ಹೊಡೆದು (ಸಿಲಿಂಡರಿನ ರಂಧ್ರವನ್ನು ಕೊರೆದು ದೊಡ್ಡದು ಮಾಡಿ), ಹೋನ್ ಮಾಡಿ (ಕಲ್ಲಿನಿಂದ ಉಜ್ಜಿ ಕೊನೆಯ ಅಳತೆಗೆ ತಂದು) ಹೊಸ ಭಾಗಗಳಿಗೆ ಸರಿಹೊಂದಿಸುವುದು ನನ್ನ ಕೆಲಸ.

ಹುಬ್ಬಳ್ಳಿಯ ಬೋರಿಂಗ್ ಅಂಗಡಿಯೊಂದರಲ್ಲಿ ಕೈ ಪಳಗಿಸಿಕೊಂಡವನು ನಾನು. ಹೆಂಡತಿಗೆ ಅಮೆರಿಕದ ಇಂಡಿಯಾನ ರಾಜ್ಯದ ಕೊಲಂಬಸ್‌ನಲ್ಲಿ ಕೆಲಸ ಸಿಕ್ಕಿತು, ಹಿಂದೆಯೇ ನಾನೂ ಬಂದೆ. 1919ರಲ್ಲಿ ಕಮ್ಮಿನ್ಸ್ ಕಂಪನಿ ಹುಟ್ಟಿದ ಊರು ಇದು, ಇಂದಿಗೂ ಅದರ ಕೇಂದ್ರ ಕಚೇರಿ ಇಲ್ಲಿಯೇ ಇದೆ. ಊರಿನ ಭಾರತೀಯರಲ್ಲಿ ಬಹುಪಾಲು ಜನ ಕಂಪ್ಯೂಟರ್ ಪರದೆಯ ಮೇಲೆ ಎಂಜಿನ್ ನೋಡುವವರು. ಉಗುರಿನ ಸಂದಿಯಲ್ಲಿ ಕಪ್ಪು ಎಣ್ಣೆ ಇಟ್ಟುಕೊಂಡು ಯುಗಾದಿಯ ಊಟಕ್ಕೆ ಹೋಗುವವನು ಬಹುಶಃ ನಾನೊಬ್ಬನೇ.

ಇಲ್ಲಿ ನನ್ನ ಮೇಜಿಗೆ ಅತಿ ಹೆಚ್ಚು ಬರುವುದು ಕಮ್ಮಿನ್ಸ್ ಬಿ ಸರಣಿಯ 5.9 ಲೀಟರ್ ಎಂಜಿನ್, ಅದರಲ್ಲೂ 12 ವಾಲ್ವಿನದು. ಆರು ಸಿಲಿಂಡರ್, 102 ಮಿಲಿಮೀಟರ್ ಬೋರ್ (ಸಿಲಿಂಡರಿನ ವ್ಯಾಸ), 120 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ). 1989ರಲ್ಲಿ ಡಾಡ್ಜ್ ರಾಮ್ ಪಿಕಪ್‌ಗೆ ಮೊದಲ ಸಲ ಹಾಕಿದಾಗ ಇದರ ಶಕ್ತಿ ಬರೀ 160 ಅಶ್ವಶಕ್ತಿ. ಟಾಟಾ ಮತ್ತು ಕಮ್ಮಿನ್ಸ್ ಕೂಡಿ 1993ರಲ್ಲಿ ಕಟ್ಟಿದ ಜಮ್‌ಶೇಡ್‌ಪುರದ ಕಂಪನಿ ತಯಾರಿಸಿದ್ದೂ ಇದೇ ಸರಣಿ. ಹಾಗಾಗಿ ಮೊದಲ ದಿನ ಇಲ್ಲಿ ಬ್ಲಾಕ್ ಕಂಡಾಗ ನನಗೆ ಅದು ಅಪರಿಚಿತವಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಅದು ಕಲ್ಲು ಹೊತ್ತು ಘಟ್ಟ ಹತ್ತುತ್ತಿತ್ತು. ಇಲ್ಲಿಯ ರೈತರ ಮಕ್ಕಳು ಅದನ್ನು ಸ್ಲೆಡ್ ಎಳೆಯಲು ಬಳಸುತ್ತಾರೆ. ಗಾಡಿಯ ಹಿಂದೆ ಒಂದು ಬಂಡಿ, ಅದರ ಮೇಲೆ ತೂಕದ ಪೆಟ್ಟಿಗೆ. ಗಾಡಿ ಮುಂದೆ ಹೋದಂತೆ ಪೆಟ್ಟಿಗೆಯೂ ಮುಂದಕ್ಕೆ ಸರಿದು ಎಳೆತ ಭಾರವಾಗುತ್ತಾ ಹೋಗುತ್ತದೆ, ಹೆಚ್ಚು ದೂರ ಎಳೆದವನು ಗೆದ್ದ. ಕೆಲವೇ ಸೆಕೆಂಡುಗಳ ಆಟ. ಆದರೆ ಆ ಸೆಕೆಂಡುಗಳಲ್ಲಿ ಟರ್ಬೊದ ಗಾಳಿಯ ಒತ್ತಡ ಕಾರ್ಖಾನೆಯವರು ಎಣಿಸಿದ್ದಕ್ಕಿಂತ ಮೂರು ಪಟ್ಟು ಏರುವುದುಂಟು.

ಕಳೆದ ಚಳಿಗಾಲದಲ್ಲಿ ಜೋಳ, ಸೋಯಾ ಬೆಳೆಯುವ ರೈತರೊಬ್ಬರು 1996ರ ಗಾಡಿಯ ಬ್ಲಾಕ್ ತಂದರು. ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹೋಗಿ, ನೀರು ಐದನೇ ಸಿಲಿಂಡರಿಗೆ ಇಳಿದು, ಗಾಡಿ ಬಹುಕಾಲ ಕೊಟ್ಟಿಗೆಯಲ್ಲಿ ನಿಂತಿತ್ತು. ಬ್ಲಾಕಿನ ಜೊತೆಗೆ ಮೂಲ ಅಳತೆಗಿಂತ 20 ಥೌ ದೊಡ್ಡದಾದ ಓವರ್‌ಸೈಜಿನ ಪಿಸ್ಟನ್ನುಗಳನ್ನೂ ಕೊಂಡು ತಂದಿದ್ದರು. ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ, 25 ಮೈಕ್ರಾನಿಗಿಂತ ತುಸು ಹೆಚ್ಚು. ಮಿಲಿಮೀಟರಿನಲ್ಲಿ ವಿನ್ಯಾಸಗೊಂಡ ಈ ಎಂಜಿನ್ನನ್ನು ಇಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಇಂಚಿನ ಲೆಕ್ಕದಲ್ಲೇ ರಿಪೇರಿ ಮಾಡುತ್ತಾರೆ!

ಅಳೆಯುವ ಮುಂಚೆ ಪಿಸ್ಟನ್ ಕೊಳ್ಳುವುದು ವರನನ್ನು ನೋಡದೆ ಛತ್ರ ಗೊತ್ತುಮಾಡಿದ ಹಾಗೆ. ಎಷ್ಟು ಸಲ ಹೇಳಿದರೂ ಜನ ಮಾಡುವುದು ಹೀಗೆಯೇ, ಏಕೆಂದರೆ ಪಿಸ್ಟನ್ನುಗಳಿಗೆ ರಿಯಾಯಿತಿ ಸಿಗುತ್ತದೆ, ಅಳತೆಗೆ ಸಿಗುವುದಿಲ್ಲ. ಐದು ಸಿಲಿಂಡರ್‌ಗಳಲ್ಲಿ ಸವೆತವಿದ್ದುದು ಪಿಸ್ಟನ್ನಿನ ರಿಂಗ್ ಓಡಾಡುವ ಮೇಲ್ಭಾಗದಲ್ಲಿ ಮಾತ್ರ. 20 ಥೌಗೆ ಬೋರ್ ಮಾಡಿದರೆ ಅದು ಪೂರ್ತಿ ಹೋಗುತ್ತಿತ್ತು. ಐದನೆಯದರಲ್ಲಿ ತುಕ್ಕು ಕೊರೆದ ಗುಂಡಿ ಅದಕ್ಕಿಂತ ಆಳವಾಗಿತ್ತು. ದಾರಿ ಎರಡು: ಆರನ್ನೂ 40 ಥೌಗೆ ಕೊಂಡೊಯ್ಯುವುದು, ಇಲ್ಲವೇ ಐದನೆಯದಕ್ಕೆ ಮಾತ್ರ ಸ್ಲೀವ್, ಅಂದರೆ ಒಳಗೆ ಹೊಸ ಲೋಹದ ಕೊಳವೆ, ಹಾಕುವುದು. ಈ ಬ್ಲಾಕಿನಲ್ಲಿ ಕಾರ್ಖಾನೆಯೇ ಹಾಕಿದ ಇಂಥ ಕೊಳವೆ (ಲೈನರ್) ಇಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನ ಲೋಹದಲ್ಲೇ ಓಡುತ್ತದೆ. ಹಾಗಾಗಿ ಬೋರ್ ದೊಡ್ಡದಾದಷ್ಟೂ ಗೋಡೆ ತೆಳ್ಳಗಾಗುತ್ತದೆ. ಸ್ಪರ್ಧೆಯ ಎಂಜಿನ್ನಿಗೆ ಸ್ಲೀವ್ ಹಾಕಬಾರದು ಎನ್ನುವವರು ಬಹಳ ಮಂದಿ ಇದ್ದಾರೆ. ಕೆಳಗೆ ಅಂಚು ಬಿಟ್ಟು, ಸರಿಯಾದ ಬಿಗುವಿನಲ್ಲಿ ಕೂರಿಸಿದ ಒಂದು ಸ್ಲೀವಿಗಿಂತ ತೆಳುವಾದ ಆರು ಗೋಡೆಗಳೇ ನನಗೆ ಹೆಚ್ಚು ಭಯ ಹುಟ್ಟಿಸುತ್ತವೆ. ಅಲ್ಟ್ರಾಸಾನಿಕ್ ಉಪಕರಣದಿಂದ ಗೋಡೆಗಳ ದಪ್ಪ ನೋಡಿದೆವು, ಸ್ಲೀವ್ ಎಂದು ನಿರ್ಧಾರವಾಯಿತು. ಕೊಂಡು ತಂದ ಪಿಸ್ಟನ್ನುಗಳೂ ಉಳಿದವು. ಅದು ರೈತರ ಅದೃಷ್ಟ.

ಮುಂದಿನ ಪ್ರಶ್ನೆಯನ್ನು ಅವರು ಬಿಲ್ಲಿನ ಅಂದಾಜು ಪಟ್ಟಿ ನೋಡಿ ಕೇಳಿದರು. ಬೋರಿಂಗ್ ಗೊತ್ತು, ಹೋನಿಂಗ್ ಗೊತ್ತು, ಈ ಟಾರ್ಕ್ ಪ್ಲೇಟಿಗೆ ಬೇರೆ ಹಣ ಏಕೆ?

ಬಾಯಿಂದ ವಿವರಿಸುವ ಗೋಜಿಗೆ ಹೋಗಲಿಲ್ಲ. ಒಳವ್ಯಾಸ ಅಳೆಯುವ ಬೋರ್ ಗೇಜನ್ನು ಮೊದಲ ಸಿಲಿಂಡರಿನ ಮೇಲ್ತುದಿಗೆ ಇಳಿಸಿ ಮುಳ್ಳನ್ನು ಸೊನ್ನೆಗೆ ತಂದೆ. ಮೇಲೆ ಹೆಡ್ಡಿನ ಬದಲು ಟಾರ್ಕ್ ಪ್ಲೇಟ್ ಎಂಬ ದಪ್ಪ ಉಕ್ಕಿನ ಪ್ಲೇಟ್ ಇಟ್ಟು, ನಡುವೆ ಗ್ಯಾಸ್ಕೆಟ್ ಹಾಕಿ, ಹೆಡ್ಡಿಗೆ ಬಳಸಲಿದ್ದ ಸ್ಟಡ್ಡುಗಳನ್ನೇ (ತಲೆಯಿಲ್ಲದ, ಎರಡೂ ತುದಿಯಲ್ಲಿ ಎಳೆಯಿರುವ ಬೋಲ್ಟುಗಳು) ಹಂತ ಹಂತವಾಗಿ ಪೂರ್ತಿ ಬಿಗಿದೆವು. ಪ್ಲೇಟಿನ ರಂಧ್ರದಿಂದ ಮತ್ತೆ ಗೇಜ್ ಇಳಿಸಿ ಸುತ್ತ ತಿರುಗಿಸಿದಾಗ ಸ್ಟಡ್ ಇರುವ ದಿಕ್ಕಿನಲ್ಲಿ ಮುಳ್ಳು ಅರ್ಧ ಥೌಗಿಂತ ಹೆಚ್ಚು ಸರಿಯಿತು. ಅದೇ ಸಿಲಿಂಡರ್, ಅದೇ ಗೇಜ್, ಬದಲಾದದ್ದು ಸ್ಟಡ್ಡಿನ ಬಿಗಿತವೊಂದೇ. ಮೇಜಿನ ಮೇಲೆ ಬರಿದಾಗಿ ಕೂತ ಬ್ಲಾಕಿನಲ್ಲಿ ಎಷ್ಟೇ ದುಂಡಗೆ ಹೋನ್ ಮಾಡಿದರೂ ಹೆಡ್ ಬಿಗಿದ ಕ್ಷಣ ಆ ದುಂಡು ಕೆಡುತ್ತದೆ. ಪ್ಲೇಟ್ ಬಿಗಿದು ಹೋನ್ ಮಾಡಿದರೆ, ಬಿಚ್ಚಿಟ್ಟಾಗ ಸೊಟ್ಟಗೆ ಕಾಣುವ ಬೋರ್ ಗಾಡಿಯಲ್ಲಿ ದುಂಡಗಿರುತ್ತದೆ. ರಿಂಗ್ ಓಡುವುದು ಗಾಡಿಯಲ್ಲಿ ತಾನೆ? ರೈತರು ಇನ್ನೊಮ್ಮೆ ತಾವೇ ಗೇಜ್ ತಿರುಗಿಸಿ ನೋಡಿದರು, ಆಮೇಲೆ ಬಿಲ್ಲಿನ ಮಾತು ಬರಲಿಲ್ಲ.

ಈ ಕೆಲಸದಲ್ಲಿ ನಾನು ಕಲಿತ ಬಹುಪಾಲು ಪಾಠ ಇಷ್ಟರಲ್ಲೇ ಇದೆ: ಭಾಗವು ಯಾವ ಸ್ಥಿತಿಯಲ್ಲಿ ದುಡಿಯುತ್ತದೆಯೋ ಆ ಸ್ಥಿತಿಗೆ ಆದಷ್ಟು ಹತ್ತಿರ ತಂದು ಅಳೆಯಬೇಕು. ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಕೂರುವ ಮುಖ್ಯ ಬೇರಿಂಗ್‌ಗಳಿಗೂ ಹೀಗೆಯೇ. ಕಾರ್ಖಾನೆಯ ಬೋಲ್ಟುಗಳ ಜಾಗದಲ್ಲಿ ಗಟ್ಟಿ ಸ್ಟಡ್ ಹಾಕಿದರೆ ಬೇರಿಂಗನ್ನು ಕೆಳಗಿನಿಂದ ಹಿಡಿಯುವ ಕ್ಯಾಪ್ ಮೇಲಿನ ಬಿಗಿತ ಬದಲಾಗಿ, ಏಳು ಮುಖ್ಯ ಬೋರ್‌ಗಳೂ ತಮ್ಮ ಆಕಾರ ಬದಲಿಸುತ್ತವೆ. ಸ್ಟಡ್ ಬಿಗಿದು ಅಳೆದು, ಬೇಕಾದರೆ ಲೈನ್ ಹೋನ್ ಮಾಡಬೇಕು, ಅಂದರೆ ಏಳೂ ಒಂದೇ ಸಾಲಿಗೆ ಬರುವಂತೆ ಉಜ್ಜಬೇಕು. ಅಲ್ಲಿಯೂ ಧಾರಾಳತನ ಕೂಡದು. ಈ ಎಂಜಿನ್ನಿನಲ್ಲಿ ಚೈನ್ ಇಲ್ಲ, ಕ್ರ್ಯಾಂಕಿನ ಗೇರ್ ನೇರವಾಗಿ ವಾಲ್ವು ತೆರೆಯುವ ಕ್ಯಾಮಿನ ಗೇರನ್ನು ತಿರುಗಿಸುತ್ತದೆ. ಲೈನ್ ಹೋನಿನಲ್ಲಿ ಬ್ಲಾಕಿನ ಕಡೆಯ ಲೋಹ ಹೆಚ್ಚು ಹೋದರೆ ಕ್ರ್ಯಾಂಕ್ ಮೇಲಕ್ಕೆ ಸರಿದು ಗೇರುಗಳ ನಡುವಿನ ಸಂದು ಕಡಿಮೆಯಾಗುತ್ತದೆ. ಅದಕ್ಕೆ ಮೊದಲು ಕ್ಯಾಪಿನ ತಳವನ್ನು ಸ್ವಲ್ಪ ಉಜ್ಜಿ, ಲೋಹದ ಬಹುಪಾಲು ಕ್ಯಾಪಿನ ಕಡೆಯಿಂದಲೇ ಹೋಗುವಂತೆ ನೋಡಿಕೊಳ್ಳುತ್ತೇವೆ. ಮುಖ್ಯ ಬೋರ್‌ಗಳ ಕೆಲಸ ಮುಗಿಯದೆ ಬೇರೆ ಯಾವುದಕ್ಕೂ ಕೈ ಹಾಕುವಂತಿಲ್ಲ, ಡೆಕ್ (ಬ್ಲಾಕಿನ ಮೇಲ್ಮುಖ) ಸಮಮಾಡುವುದಕ್ಕೂ ಸಿಲಿಂಡರ್ ಬೋರ್ ಮಾಡುವುದಕ್ಕೂ ಆಧಾರ ಆ ಕ್ರ್ಯಾಂಕ್ ರೇಖೆಯೇ.

ಬಿಸಿಯ ವಿಷಯ ಹುಬ್ಬಳ್ಳಿಯಲ್ಲೇ ಕಲಿತದ್ದು. ಬಿಸಿನೀರಿನ ತೊಟ್ಟಿಯಿಂದ ಎತ್ತಿದ ಬ್ಲಾಕಿಗೆ ಗೇಜ್ ಹಿಡಿದು ಹೋದರೆ ಉಸ್ತಾದರು ಕೈ ತಡೆದು, "ತಮ್ಮಾ, ಚಹಾ ಕುಡಿದು ಬಾ" ಎನ್ನುತ್ತಿದ್ದರು. ಏಕೆಂದು ಹೇಳುತ್ತಿರಲಿಲ್ಲ. ಲೆಕ್ಕ ಹಾಕಿದ್ದು ನಾನು ಬಹಳ ವರ್ಷಗಳ ನಂತರ. ಎರಕದ ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. 102 ಮಿಲಿಮೀಟರಿನ ಬೋರ್ ಗೇಜಿಗಿಂತ 20 ಡಿಗ್ರಿ ಬೆಚ್ಚಗಿದ್ದರೆ ಲೆಕ್ಕ 22 ಮೈಕ್ರಾನ್ ತಪ್ಪುತ್ತದೆ, ಹತ್ತಿರ ಹತ್ತಿರ ಒಂದು ಥೌ. ಬ್ಲಾಕನ್ನು ರಾತ್ರಿಯಿಡೀ ಗೇಜಿನ ಜೊತೆಗೆ ಒಂದೇ ಕೋಣೆಯಲ್ಲಿ ಬಿಟ್ಟರೆ ಮುಗಿಯಿತು. ಚಹಾ ಸಾಲದು, ರಾತ್ರಿ ಬೇಕು, ಉಸ್ತಾದರ ಮಾತಿಗೆ ನನ್ನ ತಿದ್ದುಪಡಿ ಅಷ್ಟೇ.

ಆದರೆ ಊರಿನ ಒಂದು ಅಭ್ಯಾಸವನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಹೋನ್ ಮುಗಿದ ಬ್ಲಾಕನ್ನು ಅಲ್ಲಿ ಡೀಸೆಲ್ ಅಥವಾ ಸೀಮೆಎಣ್ಣೆಯಿಂದ ತೊಳೆದು ಗಾಳಿ ಹೊಡೆಯುತ್ತಿದ್ದೆವು. ನೋಡಲು ಶುಭ್ರ. ಹೋನ್ ಕಲ್ಲು ಸಿಲಿಂಡರಿನ ಗೋಡೆಯ ಮೇಲೆ ಅಡ್ಡಡ್ಡ ಗೀರು ಹಾಕಿರುತ್ತದೆ, ಎಣ್ಣೆ ನಿಲ್ಲಲು ಆ ಗೀರು ಬೇಕು. ಕಲ್ಲಿನ ಪುಡಿ ಕೂರುವುದೂ ಅದರಲ್ಲೇ. ಸೀಮೆಎಣ್ಣೆ ಜಿಡ್ಡು ತೆಗೆಯುತ್ತದೆಯೇ ಹೊರತು ಪುಡಿಯನ್ನು ಎಬ್ಬಿಸುವುದಿಲ್ಲ. ಹೊಸ ರಿಂಗುಗಳನ್ನು ಆ ಪುಡಿಯೇ ಮೊದಲ ದಿನದಿಂದ ತಿನ್ನತೊಡಗುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್: ಬೇಕಿರುವುದು ಇಷ್ಟೇ. ತೊಳೆದು ಒಣಗಿಸಿದ ಕೂಡಲೇ ತೆಳು ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಬೂದು ಬಣ್ಣ ಬಂದರೆ ಮತ್ತೆ ತೊಟ್ಟಿಗೆ. ಇದು ಯಾರಿಗೂ ಇಷ್ಟವಿಲ್ಲದ ಕೆಲಸ, ಹೊಸ ಹುಡುಗರ ತಲೆಗೆ ಕಟ್ಟುವ ಕೆಲಸ. ನಾನು ಮಾತ್ರ ಇದನ್ನು ಬೇರೆಯವರಿಗೆ ಬಿಡುವುದಿಲ್ಲ.

ಕ್ರ್ಯಾಂಕ್ ಬಗ್ಗೆ ಹೇಳುವುದು ಕಡಿಮೆ. ಕಾಂತಕ್ಷೇತ್ರದಲ್ಲಿಟ್ಟು ಬಿರುಕು ನೋಡಿದೆವು, ಇರಲಿಲ್ಲ. ಬೇರಿಂಗಿನೊಳಗೆ ತಿರುಗುವ ಅದರ ದುಂಡು ಭಾಗಗಳಾದ ಜರ್ನಲ್‌ಗಳೆಲ್ಲ ಕಾರ್ಖಾನೆಯ ಅಳತೆಯೊಳಗೇ ಇದ್ದವು, ಪಾಲಿಶ್ ಮಾಡಿ ಬಿಟ್ಟೆವು. ಹೇಗೂ ಬಿಚ್ಚಿದ್ದೇವೆ, ಹತ್ತು ಥೌ ಗ್ರೈಂಡ್ ಮಾಡಿಸಿಬಿಡೋಣ ಎನ್ನುವ ಚಾಳಿ ಎರಡೂ ದೇಶಗಳಲ್ಲಿದೆ. ಅಗತ್ಯವಿಲ್ಲದ ಗ್ರೈಂಡಿಂಗ್‌ನಿಂದ ಲಾಭ ಅಂಗಡಿಯವನಿಗೆ ಮಾತ್ರ. ಜರ್ನಲ್ಲಿನ ಮೂಲೆಯ ದುಂಡು ತಿರುವನ್ನು ಗ್ರೈಂಡರ್ ಹಿಡಿದವನು ಚೂಪಾಗಿ ಬಿಟ್ಟನೋ, ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ.

ಎಂಜಿನ್ನಿನ ಮುಂಭಾಗದ ಗೇರ್ ಕವಚದ ಸಣ್ಣ ಪಿನ್ನಿನ ಬಗ್ಗೆಯೂ ಒಂದು ಮಾತು. 12 ವಾಲ್ವಿನ ಗಾಡಿ ಇಟ್ಟುಕೊಂಡವರೆಲ್ಲರಿಗೂ ಇದರ ಕುಖ್ಯಾತಿ ಗೊತ್ತು. ನಡುಕಕ್ಕೆ ಸಡಿಲವಾಗಿ ಹೊರಬಂದು ಗೇರುಗಳ ನಡುವೆ ಬಿದ್ದರೆ ಕವಚವೇ ಒಡೆಯಬಹುದು. ಪಿನ್ ಹೊರಬರದಂತೆ ಅಡ್ಡಲಾಗಿ ಒಂದು ಲೋಹದ ಪಟ್ಟಿಯನ್ನು ಬೋಲ್ಟಿನಡಿ ಸಿಕ್ಕಿಸಿದರೆ ಸಾಕು. ರೈತರು ಟರ್ಬೊಗೆ ಕೊಟ್ಟ ಹಣದಲ್ಲಿ ಇಂಥ ಪಟ್ಟಿಗಳನ್ನು ಮೂಟೆಗಟ್ಟಲೆ ಕೊಳ್ಳಬಹುದಿತ್ತು.

ಎಂಜಿನ್ ಕಟ್ಟಿದವರು ರೈತರು ಮತ್ತು ಅವರ ಮಗ. ನಾವು ಬ್ಲಾಕಿನ ಜೊತೆಗೆ ಆರು ಬೋರ್‌ಗಳ, ಏಳು ಮುಖ್ಯ ಬೇರಿಂಗ್‌ಗಳ ಅಳತೆಗಳನ್ನೆಲ್ಲ ಬರೆದ ಹಾಳೆ ಕೊಟ್ಟೆವು. ಬೇಸಿಗೆಯ ಜಾತ್ರೆಯಲ್ಲಿ ಗಾಡಿ ಎಳೆಯಿತು, ಗೆಲ್ಲಲಿಲ್ಲ. ಕ್ಲಚ್ ಜಾರಿತಂತೆ. ಗ್ಯಾಸ್ಕೆಟ್ ನಿಂತಿದೆ, ಎಣ್ಣೆ ಕುಡಿಯುತ್ತಿಲ್ಲ. ನನ್ನ ಪಾಲಿನ ಫಲಿತಾಂಶ ಅಷ್ಟು.

ಹುಬ್ಬಳ್ಳಿಯ ಗೆಳೆಯರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಆ ಪ್ಲೇಟ್ ಎಲ್ಲಿ ಸಿಗುತ್ತದೆ? ಕೊಳ್ಳಬೇಕಿಲ್ಲ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಎರಡು ಇಂಚು ದಪ್ಪದ ಉಕ್ಕಿನ ಪ್ಲೇಟ್ ಕತ್ತರಿಸಿಸಿ, ಎರಡೂ ಮುಖ ಗ್ರೈಂಡ್ ಮಾಡಿಸಿ, ಸಿಲಿಂಡರಿನ ಜಾಗದಲ್ಲಿ ಹೋನ್ ಕಲ್ಲು ತಗಲದಷ್ಟು ದೊಡ್ಡ ರಂಧ್ರ ತೆಗೆಸಬಹುದು. ಆರಕ್ಕೂ ಒಂದೇ ಪ್ಲೇಟ್ ಭಾರವಾದರೆ ಮೂರು ಸಿಲಿಂಡರಿನದು ಮಾಡಿಸಿ ಸರಿಸಿಕೊಳ್ಳಿ. ಬೋಲ್ಟಿನ ಉದ್ದದಲ್ಲಿ ಮಾತ್ರ ಅಜಾಗರೂಕತೆ ಬೇಡ. ಹೆಡ್ ಬೋಲ್ಟಿನ ಎಳೆಗಳು ಬ್ಲಾಕಿನೊಳಗೆ ಎಷ್ಟು ಆಳ ಇಳಿಯುತ್ತವೆಯೋ ಪ್ಲೇಟಿನ ಬೋಲ್ಟೂ ಅಷ್ಟೇ ಇಳಿಯಬೇಕು. ಹೆಚ್ಚು ಕಡಿಮೆಯಾದರೆ ಬ್ಲಾಕ್ ಬೇರೆ ಜಾಗದಲ್ಲಿ ಎಳೆಯಲ್ಪಟ್ಟು, ಗಾಡಿಯಲ್ಲಿ ಇರದ ಸೊಟ್ಟನ್ನು ನೀವೇ ಹೋನ್ ಮಾಡಿ ಕೂರಿಸಿದಂತಾಗುತ್ತದೆ. ಗ್ಯಾಸ್ಕೆಟ್ ಕೂಡ ಕಟ್ಟುವಾಗ ಹಾಕುವ ಬಗೆಯದೇ ಇರಲಿ, ಹಳೆಯದಾದರೂ ಪರವಾಗಿಲ್ಲ.