ಕೆರೆ ಬತ್ತಿದರೂ ಏರಿ ಬಿಡದ ಊರು

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಮಗ್ಗುಲಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂಬುದೊಂದಿದೆ. ದಿನವಿಡೀ ಆಟೋಗಳಿಂದ, ತಳ್ಳುಗಾಡಿಗಳಿಂದ, ಗಂಟುಮೂಟೆ ಹೊತ್ತ ಪ್ರಯಾಣಿಕರಿಂದ ಗಿಜಿಗುಡುವ ಆ ರಸ್ತೆಯಲ್ಲಿ ನಿಂತು ಕೆರೆ ಎಲ್ಲಿದೆ ಎಂದು ಕೇಳಿದರೆ ಯಾರೂ ತೋರಿಸಲಾರರು. ಧರ್ಮಾಂಬುಧಿ ಕೆರೆ ಬತ್ತಿ, ಮೈದಾನವಾಗಿ, ಕೊನೆಗೆ ಬಸ್ಸುಗಳ ತಂಗುದಾಣವಾಗಿ ಎಷ್ಟೋ ಕಾಲವಾಯಿತು. ಈಗ ಅದರ ತಳಕ್ಕಿಂತಲೂ ಕೆಳಗೆ ಮೆಟ್ರೋ ರೈಲು ಓಡುತ್ತಿದೆ. ಆದರೂ ಏರಿಯ ಹೆಸರು ರಸ್ತೆಗೆ ಅಂಟಿಕೊಂಡಿದೆ. ಕೆರೆಯ ದಡದಲ್ಲಿ ನೆಲೆಸಿದ್ದ ಅಣ್ಣಮ್ಮ ದೇವಿ ನೀರು ಹೋದ ಮೇಲೂ ಜಾಗ ಬಿಟ್ಟು ಕದಲಿಲ್ಲ. ಬಸ್ಸು ಹಿಡಿಯುವ ಅವಸರದಲ್ಲಿ ಅವಳಿಗೆ ಕೈಮುಗಿದು ಓಡುವವರು ತಮಗೆ ಗೊತ್ತಿಲ್ಲದೆಯೇ ಒಂದು ಕೆರೆಯ ದಡದಲ್ಲಿ ಕ್ಷಣಕಾಲ ನಿಲ್ಲುತ್ತಾರೆ.

ಊರಿನ ಬೀದಿಗಳು ನಮ್ಮ ಮನಸ್ಸಿನ ಮೇಲೆ ಏನು ಮಾಡುತ್ತವೆ, ಒಂದು ತಿರುವಿನಲ್ಲಿ ಏಕೆ ಹೆಜ್ಜೆ ಭಾರವಾಗುತ್ತದೆ, ಇನ್ನೊಂದರಲ್ಲಿ ಏಕೆ ಹಗುರಾಗುತ್ತದೆ ಎಂಬುದನ್ನು ಅಧ್ಯಯನದ ವಿಷಯವಾಗಿಸಬೇಕೆಂದು 1955ರಲ್ಲಿ ಪ್ಯಾರಿಸಿನ ಗೀ ದೆಬೋರ್ ಬರೆದರು. ಅದನ್ನೇ ಸೈಕೋಜಿಯಾಗ್ರಫಿ ಎಂದು ಕರೆಯುತ್ತಾರೆ. ಅವರೂ ಅವರ ಗೆಳೆಯರೂ ಕೆಲಸಕಾರ್ಯಗಳ ಹಂಗು ಬಿಟ್ಟು, ಕಾಲು ಎಳೆದತ್ತ ಊರೊಳಗೆ ಅಲೆದು, ಬೀದಿಗಳನ್ನು ಅವು ಹುಟ್ಟಿಸುವ ಭಾವದ ಮೂಲಕ ಅರಿಯಲು ಯತ್ನಿಸಿದರು. ಆ ವಿಚಾರದ ಬಗ್ಗೆ ನನಗೆ ಗೌರವವಿದೆ. ಆದರೆ ಬೆಂಗಳೂರನ್ನು ಅರಿಯಲು ಗುರಿಯಿಲ್ಲದ ಅಲೆದಾಟವೊಂದೇ ಸಾಲದು ಎಂದು ನನಗೆ ಅನಿಸುತ್ತದೆ. ಹಳತನ್ನು ಇಷ್ಟು ಬೇಗ ಕೆಡವುವ ಊರಿನಲ್ಲಿ ನೆನಪನ್ನು ಕಟ್ಟಡಗಳು ಕಾಯುವುದಿಲ್ಲ; ಅದೇ ದಾರಿಯಲ್ಲಿ ಮತ್ತೆ ಮತ್ತೆ ನಡೆಯುವವರು ಕಾಯುತ್ತಾರೆ.

ನಾವು ಅಣ್ಣ ಎಂದೇ ಕರೆಯುತ್ತಿದ್ದ ನನ್ನ ತಂದೆ ಚಿಕ್ಕಪೇಟೆಯ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಬಳ ಬಂದ ವಾರ ನಮ್ಮನ್ನು ಸಿನಿಮಾಕ್ಕೆ ಕರೆದೊಯ್ಯುವುದು ರೂಢಿ, ಅದೂ ಬಹುಪಾಲು ಗಾಂಧಿನಗರದ ಕಪಾಲಿ ಚಿತ್ರಮಂದಿರಕ್ಕೆ. 1968ರಲ್ಲಿ ತೆರೆದ ಕಪಾಲಿಯ ಪರದೆಯ ಅಗಲ ನಮ್ಮ ಪ್ರಾಯದವರಿಗೆಲ್ಲ ಒಂದು ಬೆರಗು. ಹರಿದುಕೊಟ್ಟ ಅರ್ಧ ಟಿಕೆಟನ್ನು ಅಣ್ಣ ಅಂಗಿಯ ಜೇಬಿನಲ್ಲಿ, ಇಂಕ್ ಪೆನ್ನಿನ ಹಿಂದೆ, ಮಡಿಸದೆ ಇಟ್ಟುಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೆ ಅದು ಲೆಕ್ಕದ ಪುಸ್ತಕದೊಳಗೆ ಸೇರುತ್ತಿತ್ತು. ಅಣ್ಣ ಈಗಿಲ್ಲ, ಕಪಾಲಿಯೂ ಇಲ್ಲ. ಸುಬೇದಾರ್ ಛತ್ರಂ ರಸ್ತೆಯಲ್ಲಿ ಆ ಜಾಗ ಬಂದಾಗ ಮಾತ್ರ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ, ಎಡಗೈ ಯಾರದೋ ಕೈಯನ್ನು ಹುಡುಕುತ್ತದೆ. ಕಟ್ಟಡ ನಿಂತಿದ್ದಾಗ ಈ ನೆನಪು ಇಷ್ಟು ತೀವ್ರವಾಗಿರಲಿಲ್ಲ. ಗೋಡೆಯೇ ಎದುರಿಗಿದ್ದಾಗ ಮನಸ್ಸಿಗೆ ಕೆಲಸವಿರಲಿಲ್ಲ. ಗೋಡೆ ಹೋದ ಮೇಲೆ ಇಡೀ ಚಿತ್ರಮಂದಿರವನ್ನು ಮೆಟ್ಟಿಲು ಸಹಿತ ಮನಸ್ಸೇ ಹೊತ್ತು ನಿಲ್ಲಬೇಕಾಗಿದೆ. ನನ್ನ ಕಾಲ ಮುಗಿದ ಮೇಲೆ ಈ ನೆನಪಿಗೆ ವಾರಸುದಾರರಿಲ್ಲ ಎಂಬುದು ನನ್ನನ್ನು ನಿಜವಾಗಿ ಕಾಡುವ ಸಂಗತಿ.

ಹಾಗಾಗಿಯೇ ಕರಗ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕೆರೆಗಳ ನೀರು ನಂಬಿ ಹೂವು, ತರಕಾರಿ ಬೆಳೆಯುತ್ತಿದ್ದ ತಿಗಳ ಸಮುದಾಯದವರು ಪ್ರತಿ ಚೈತ್ರದಲ್ಲಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡೆಸುವ ಈ ಹಬ್ಬದ ಕಥೆಯೇ ಮರಳಿ ಬರುವುದರ ಕಥೆ. ತಿಮಿರಾಸುರನನ್ನು ಎದುರಿಸಲು ದ್ರೌಪದಿ ಸೃಷ್ಟಿಸಿದ ವೀರಕುಮಾರರು ಅವಳು ಹೊರಟು ನಿಂತಾಗ ಹೋಗಬೇಡ ತಾಯಿ ಎಂದು ಬೇಡಿಕೊಂಡರಂತೆ. ವರ್ಷಕ್ಕೊಮ್ಮೆ ಬರುತ್ತೇನೆ ಎಂದು ಅವಳು ಮಾತು ಕೊಟ್ಟಳಂತೆ. ಆ ಮಾತಿನಂತೆ ಹುಣ್ಣಿಮೆಯ ರಾತ್ರಿ, ಹೆಣ್ಣಿನ ಉಡುಗೆ ತೊಟ್ಟು ಬಳೆಯಿಟ್ಟ ಪೂಜಾರಿ, ಮಲ್ಲಿಗೆಯಲ್ಲಿ ಮುಳುಗಿದ ಕರಗವನ್ನು ತಲೆಯ ಮೇಲೆ ಹೊತ್ತು, ಕತ್ತಿ ಹಿಡಿದ ವೀರಕುಮಾರರ ನಡುವೆ ಪೇಟೆಯ ಬೀದಿಗಳಲ್ಲಿ ಬೆಳಗಿನವರೆಗೆ ನಡೆಯುತ್ತಾನೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಕರಗ ಹೋಗುತ್ತದೆ. ತಿಗಳರಪೇಟೆಯ ಓಣಿಯಲ್ಲಿ ಜನರ ನಡುವೆ ಸಿಕ್ಕಿಕೊಂಡು ಕಾಯುವಾಗ ಕರಗ ಕಣ್ಣಿಗೆ ಬೀಳುವ ಮೊದಲೇ ಮಲ್ಲಿಗೆಯ ವಾಸನೆ ಮೂಗಿಗೆ ತಾಗುತ್ತದೆ, ಗೋವಿಂದ ಗೋವಿಂದ ಎಂಬ ಕೂಗು ಒಂದು ಮನೆಯ ಮಹಡಿಯಿಂದ ಮುಂದಿನ ಮನೆಯ ಮಹಡಿಗೆ ಸಾಗಿ ಬರುತ್ತದೆ, ಆಮೇಲೆ ಒಮ್ಮೆಲೇ ಬಿಳಿಯ ರಾಶಿಯೊಂದು ಓಡುವ ನಡಿಗೆಯಲ್ಲಿ ಬಂದು ಹಾದುಹೋಗುತ್ತದೆ.

ಆದರೆ ನನ್ನ ವಿಷಯಕ್ಕೆ ಮುಖ್ಯವಾದದ್ದು ಆ ರಾತ್ರಿಗೂ ಮೊದಲು ನಡೆಯುವ ಹಸಿ ಕರಗದ ವಿಧಿಗಳು. ಅವುಗಳಿಗೆ ಸಂಪಂಗಿ ಕೆರೆಯ ಜಾಗಕ್ಕೇ ಹೋಗಬೇಕು. ಸಂಪಂಗಿ ಕೆರೆ ಇಂದು ಶ್ರೀ ಕಂಠೀರವ ಕ್ರೀಡಾಂಗಣ. ನೀರಿದ್ದ ಕಡೆ ಓಟದ ಟ್ರ್ಯಾಕು, ಫುಟ್‌ಬಾಲ್ ಅಂಗಳ. ಅಷ್ಟು ದೊಡ್ಡ ಕೆರೆಯನ್ನು ಬತ್ತಿಸಿದ ನಗರಕ್ಕೆ ಅದರ ಒಂದು ಪುಟ್ಟ ಕೊಳವನ್ನು ಮಾತ್ರ ಅಳಿಸಲಾಗಲಿಲ್ಲ, ಏಕೆಂದರೆ ವರ್ಷಕ್ಕೊಮ್ಮೆ ಅಲ್ಲಿಗೆ ಬಂದೇ ಬರುವವರಿದ್ದರು. ಕಾಯಿದೆಯಾಗಲಿ ಇಲಾಖೆಯಾಗಲಿ ಉಳಿಸದ ನೀರನ್ನು ಒಂದು ಸಮುದಾಯದ ಹೆಜ್ಜೆಗಳು ಉಳಿಸಿಕೊಂಡವು.

ಹಾಗೆ ನಡೆದು ಬರುವವರಿಲ್ಲದ ಕೆರೆಗಳ ಗತಿ ಬೇರೆಯಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಕ್ರೀಡಾಂಗಣ, ಶೂಲೆ ಕೆರೆಯ ಮೇಲೆ ಫುಟ್‌ಬಾಲ್ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಮೈದಾನ ಬಂದವು. ಅಲ್ಲೆಲ್ಲ ನಿಂತು ನೋಡಿದ್ದೇನೆ. ತೂಬು ಎಲ್ಲಿತ್ತು, ಕೋಡಿ ಯಾವ ಕಡೆ ಹರಿಯುತ್ತಿತ್ತು ಎಂದು ಹೇಳುವವರು ನನಗೆ ಸಿಗಲಿಲ್ಲ. ನೆನಪಿಟ್ಟುಕೊಳ್ಳುವ ಜನ ಇಲ್ಲವಾದಾಗ ಆ ಕೆಲಸ ನೀರಿನ ಪಾಲಿಗೆ ಬರುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿ, ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದದ್ದನ್ನು ದೇಶವೇ ನೋಡಿತು. ರಾಜಕಾಲುವೆಗಳನ್ನು ಒತ್ತಿ ಕಟ್ಟಿದ ಕಡೆ ನೀರು ತನ್ನ ಹಳೆಯ ದಾರಿ ಹಿಡಿದೇ ಬಂತು. ಮನೆಮಠ ಕಳೆದುಕೊಂಡವರ ಸಂಕಟ ಕಂಡಾಗ, ಮರೆವಿನ ಬೆಲೆ ತೆರುವವರು ಬಹಳ ಸಲ ಮರೆತವರೇ ಆಗಿರುವುದಿಲ್ಲ ಎಂದು ದುಃಖವಾಗುತ್ತದೆ.

ಬಾಯಿಮಾತಿನ ದಾರಿಗುರುತುಗಳೂ ಸಣ್ಣ ಕೆಲಸ ಮಾಡುತ್ತಿಲ್ಲ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ ಕೋಟೆಬಾಗಿಲು ಇಂದು ಇಲ್ಲ. ಹಲಸೂರು ಗೇಟ್ ಪೊಲೀಸ್ ಠಾಣೆ ಇದೆ. ಮಿನರ್ವ ಚಿತ್ರಮಂದಿರವಿಲ್ಲ, ಮಿನರ್ವ ಸರ್ಕಲ್ ಇದೆ. ಮೆಜೆಸ್ಟಿಕ್ ಎಂಬ ಟಾಕೀಸು ನೆಲಸಮವಾದರೂ ಬಸ್ಸಿನ ಬಾಗಿಲಲ್ಲಿ ಜೋತಾಡುತ್ತ ಕಂಡಕ್ಟರ್ ಅದರ ಹೆಸರನ್ನೇ ಕೂಗುತ್ತಾನೆ. ಕೆಂಪೇಗೌಡರ ಹೆಸರಿಟ್ಟ ಮೆಟ್ರೋ ನಿಲ್ದಾಣವೂ ಕೊನೆಗೆ ಮೆಜೆಸ್ಟಿಕ್ ಎಂದು ಸೇರಿಸಿಕೊಳ್ಳಬೇಕಾಯಿತು. ಹೊಸ ನಿಲ್ದಾಣಗಳಿಗೆ ಹೆಸರಿಡುವವರು ಆ ಬಡಾವಣೆಯ ಹಿರಿಯರು ಯಾವ ಗುರುತು ಹಿಡಿದು ದಾರಿ ಹೇಳುತ್ತಾರೆ ಎಂದು ಮೊದಲು ಕೇಳಲಿ, ಕೆರೆಯ ಮೇಲೆ ಎದ್ದ ಪ್ರತಿ ಕ್ರೀಡಾಂಗಣದ ಬಾಗಿಲಲ್ಲೂ ಆ ಕೆರೆಯ ಹೆಸರಿರುವ ಒಂದು ಫಲಕವಿರಲಿ ಎಂಬುದು ನನ್ನ ಬಹುದಿನದ ಆಸೆ.

ನನ್ನ ಅಕ್ಕನ ಮಗಳು ಕಂಠೀರವದಲ್ಲಿ ಓಟದ ಅಭ್ಯಾಸ ಮಾಡುತ್ತಾಳೆ. ಅವಳಿಗೆ ಆ ಕೊಳವನ್ನು ತೋರಿಸಿದೆ. ಕೆಲವು ದಿನಗಳಲ್ಲೇ ಅವಳು ತನ್ನ ಜೊತೆಗಾರರನ್ನೂ ಕರೆದೊಯ್ದು ತೋರಿಸಿದಳಂತೆ. ಕೆರೆಯ ಏರಿ ಯಾವ ದಿಕ್ಕಿಗಿತ್ತು, ನಾವು ಓಡುವಾಗ ಅದನ್ನು ಎಲ್ಲಿ ದಾಟುತ್ತೇವೆ ಎಂದು ಅವರು ಕೇಳಿದ್ದಾರೆ. ಹಳೆಯ ಸರ್ವೆ ನಕ್ಷೆಯೊಂದನ್ನು ಇಂದಿನ ನಕ್ಷೆಯ ಮೇಲೆ ಹೊಂದಿಸಿ ಗುರುತು ಹಾಕುವುದೆಂದು ನಾನೂ ಅವಳೂ ಮಾತಾಡಿಕೊಂಡಿದ್ದೇವೆ.